ಬುಸುಗುಟ್ಟುವ ರೇಡಿಯೊ, ಸಿಗದ ಸ್ಟೇಷನ್: ಮಿಕ್ಸರ್ ಹಂತದ ದೋಷ ಹುಡುಕುವ ದಾರಿ

ಸ್ವಿಚ್ ಹಾಕಿದರೆ ಸ್ಪೀಕರಿನಲ್ಲಿ ಬುಸ್ ಎನ್ನುವ ಸದ್ದು ಬರುತ್ತದೆ. ವಾಲ್ಯೂಮ್ ತಿರುಗಿಸಿದರೆ ಆ ಸದ್ದು ಏರುತ್ತದೆ, ಇಳಿಯುತ್ತದೆ. ಅಂದರೆ ಆಡಿಯೊ ಭಾಗಕ್ಕೆ ಜೀವ ಇದೆ. ಆದರೆ ಡಯಲ್ ಮುಳ್ಳನ್ನು ಈ ತುದಿಯಿಂದ ಆ ತುದಿಗೆ ಓಡಿಸಿದರೂ ಒಂದು ಸ್ಟೇಷನ್ನೂ ಸಿಗುವುದಿಲ್ಲ. ಇಂಥ ಸೆಟ್ ಕೈಗೆ ಬಂದಾಗ ಹಲವರು ಮೊದಲು ಮಾಡುವ ಕೆಲಸ ಮಿಕ್ಸರ್ ಟ್ರಾನ್ಸಿಸ್ಟರನ್ನು ಕಿತ್ತು ಹೊಸದನ್ನು ಹಾಕುವುದು. ನನ್ನ ಮಟ್ಟಿಗೆ ಅದು ಕಟ್ಟಕಡೆಗೆ ಮಾಡಬೇಕಾದದ್ದು. ಮಿಕ್ಸರ್ ತಾನಾಗಿ ಸಾಯುವುದು ಅಪರೂಪ. ಅದಕ್ಕೆ ಸಿಗಬೇಕಾದದ್ದು ಸಿಗದೆ ಅದು ಸುಮ್ಮನಾಗುವುದೇ ಹೆಚ್ಚು. ಏನು ಸಿಗುತ್ತಿಲ್ಲ ಎಂದು ಕಂಡುಹಿಡಿಯಲು ಮಿಕ್ಸರ್ ಮಾಡುವ ಕೆಲಸ ಏನೆಂಬುದು ಮನಸ್ಸಿನಲ್ಲಿ ಸ್ಪಷ್ಟವಾಗಿರಬೇಕು. ಅಲ್ಲಿಂದಲೇ ಶುರು ಮಾಡುತ್ತೇನೆ.

ಕೂಡಿಸುವುದು ಬೇರೆ, ಬೆರೆಸುವುದು ಬೇರೆ

ಹಾಡು ರೆಕಾರ್ಡ್ ಮಾಡುವವರ ಮೇಜಿನ ಮೇಲಿರುವ ಮಿಕ್ಸರಿಗೂ ರೇಡಿಯೊ ಒಳಗಿನ ಮಿಕ್ಸರಿಗೂ ಹೆಸರು ಬಿಟ್ಟರೆ ಸಂಬಂಧವಿಲ್ಲ. ಅಲ್ಲಿ ಎರಡು ಧ್ವನಿಗಳನ್ನು ಕೂಡಿಸುತ್ತಾರೆ. ಕೂಡಿಸಿದರೆ ಹೊಸ ಆವರ್ತನ ಹುಟ್ಟುವುದಿಲ್ಲ. ಶ್ರುತಿ ಒಂದಿಷ್ಟು ತಪ್ಪಿದ ಎರಡು ತಂತಿಗಳನ್ನು ಒಟ್ಟಿಗೆ ಮೀಟಿದಾಗ ನಾದ ಅಲೆಯಲೆಯಾಗಿ ಏರಿಳಿಯುವುದನ್ನು ಕೇಳಿರುತ್ತೀರಿ. ಅದು ಕೂಡಿಕೆಯ ಫಲ. ಅಲ್ಲಿ ಇರುವುದು ಆ ಎರಡು ಸ್ವರಗಳೇ, ಮೂರನೆಯದಿಲ್ಲ. ರೇಡಿಯೊ ಒಳಗೆ ಸೇರುವ ಎರಡು ಅಲೆಗಳಲ್ಲಿ ಒಂದು ಆಂಟೆನಾದಿಂದ ಬರುವ ಸ್ಟೇಷನ್ನಿನ ಸಿಗ್ನಲ್. ಇನ್ನೊಂದು ಸೆಟ್ಟಿನೊಳಗೇ ಆಸಿಲೇಟರ್ ಎಂಬ ಭಾಗ ಹುಟ್ಟಿಸುವ ಅಲೆ, ಸ್ಟೇಷನ್ನಿಗಿಂತ 455 ಕಿಲೋಹರ್ಟ್ಸ್ ಮೇಲಿರುವಂಥದ್ದು. 1000 ಕಿಲೋಹರ್ಟ್ಸಿನ ಸಿಗ್ನಲ್ ಮತ್ತು 1455 ಕಿಲೋಹರ್ಟ್ಸಿನ ಅಲೆಯನ್ನು ಒಂದು ರೆಸಿಸ್ಟರಿನ ಮೇಲೆ ಎಷ್ಟು ಹೊತ್ತು ಒಟ್ಟಿಗೆ ಹರಿಸಿದರೂ 455 ಕಿಲೋಹರ್ಟ್ಸ್ ಕಾಣಿಸಿಕೊಳ್ಳುವುದಿಲ್ಲ.

ಹೊಸ ಆವರ್ತನ ಬೇಕೆಂದರೆ ಗುಣಾಕಾರ ಆಗಬೇಕು. ಶಾಲೆಯಲ್ಲಿ ಕಲಿತ ಸೂತ್ರವೊಂದೇ ಸಾಕು: (ಅ + ಬ)² = ಅ² + 2ಅಬ + ಬ². ಟ್ರಾನ್ಸಿಸ್ಟರಿನ ಬೇಸ್ ಮತ್ತು ಎಮಿಟರ್ ನಡುವಿನ ಸಂಧಿಯಲ್ಲಿ ವೋಲ್ಟೇಜ್ ಹೆಚ್ಚಿದಂತೆ ಕರೆಂಟ್ ಸರಳ ರೇಖೆಯಲ್ಲಿ ಏರುವುದಿಲ್ಲ. ಸುಮಾರು 60 ಮಿಲಿವೋಲ್ಟ್ ಹೆಚ್ಚಾದರೆ ಕರೆಂಟ್ ಹತ್ತು ಪಟ್ಟಾಗುತ್ತದೆ. ಆ ಬಾಗಿನಲ್ಲಿ ವರ್ಗದ ಪಾಲು ಅಡಗಿದೆ, ವರ್ಗದೊಳಗೆ 2ಅಬ ಅಡಗಿದೆ. ಎರಡು ಅಲೆಗಳ ಗುಣಲಬ್ಧವನ್ನು ಬಿಡಿಸಿದರೆ ಅವುಗಳ ವ್ಯತ್ಯಾಸ ಮತ್ತು ಮೊತ್ತ ಬರುತ್ತವೆ: 455 ಮತ್ತು 2455. ಈ ವ್ಯತ್ಯಾಸವನ್ನು ಐಎಫ್, ಅಂದರೆ ಮಧ್ಯಂತರ ಆವರ್ತನ ಎನ್ನುತ್ತಾರೆ. ಮುಂದಿರುವ ಐಎಫ್ ಟ್ರಾನ್ಸ್‌ಫಾರ್ಮರ್ 455ನ್ನು ಹಿಡಿದುಕೊಂಡು ಉಳಿದದ್ದನ್ನು ತಳ್ಳಿಬಿಡುತ್ತದೆ. ಡಯೋಡ್ ಮಿಕ್ಸರುಗಳಲ್ಲಿ ಇದೇ ಕೆಲಸ ಇನ್ನೊಂದು ರೀತಿ ನಡೆಯುತ್ತದೆ. ಅಲ್ಲಿ ಆಸಿಲೇಟರ್ ಅಲೆ ಡಯೋಡುಗಳನ್ನು ಸ್ವಿಚ್ಚಿನಂತೆ ತೆರೆದು ಮುಚ್ಚಿ ಸಿಗ್ನಲನ್ನು ಹಿಂದುಮುಂದು ಮಾಡುತ್ತಿರುತ್ತದೆ. ಅದೂ ಗುಣಾಕಾರವೇ, ಒಮ್ಮೆ ಕೂಡು ಒಂದರಿಂದ, ಇನ್ನೊಮ್ಮೆ ಕಳೆ ಒಂದರಿಂದ ಗುಣಿಸಿದಂತೆ.

ಎರಡು ಅಲೆಗಳಿಂದ ಮೂರನೆಯದನ್ನು ಹುಟ್ಟಿಸುವ ಈ ವಿಚಾರವನ್ನು ರೇಡಿಯೊ ಸಂಶೋಧಕ ಫೆಸೆಂಡೆನ್ 1901ರಲ್ಲಿ ಮುಂದಿಟ್ಟ. ಅವನಿಗೆ ಬೇಕಿದ್ದದ್ದು ಕಿವಿಗೆ ಕೇಳುವಂಥ ವ್ಯತ್ಯಾಸ. ಮೊದಲ ಮಹಾಯುದ್ಧದ ಕಾಲದಲ್ಲಿ, 1918ರಲ್ಲಿ, ಅಮೆರಿಕದ ಎಂಜಿನಿಯರ್ ಆರ್ಮ್‌ಸ್ಟ್ರಾಂಗ್ ಆ ವ್ಯತ್ಯಾಸವನ್ನು ಕಿವಿಗೆ ನಿಲುಕದಷ್ಟು ಮೇಲಿಟ್ಟು ಒಂದೇ ಆವರ್ತನಕ್ಕೆ ಕಟ್ಟಿಹಾಕಿದ. ಯಾವ ಸ್ಟೇಷನ್ ಹಿಡಿದರೂ ಮುಂದಿನ ಹಂತಗಳಿಗೆ ಹೋಗುವುದು ಅದೇ 455. ಈ ಅನುಕೂಲಕ್ಕೆ ತೆರಬೇಕಾದ ಬೆಲೆಯೂ ಇದೆ: ಆಸಿಲೇಟರ್ ಒಂದು ಜಾಗದಲ್ಲಿ ಎಡವಿದರೆ ಇಡೀ ಡಯಲ್ ಮೂಕವಾಗುತ್ತದೆ.

ಆದ್ದರಿಂದ ಈ ಹಂತದ ಮುಂದೆ ಕೂತಾಗ ಕೇಳಿಕೊಳ್ಳಬೇಕಾದ್ದು ಮೂರೇ ಪ್ರಶ್ನೆ. ಎರಡೂ ಅಲೆಗಳು ಒಂದೇ ಜಾಗಕ್ಕೆ ಬಂದು ಸೇರುತ್ತಿವೆಯೇ? ಸೇರಿದ ಜಾಗದಲ್ಲಿ ಬಾಗು ಅಥವಾ ಸ್ವಿಚ್ಚು ಉಳಿದಿದೆಯೇ? ವ್ಯತ್ಯಾಸದ ಆವರ್ತನಕ್ಕೆ ಹೊರಗೆ ಹೋಗುವ ದಾರಿ ತೆರೆದಿದೆಯೇ?

ಮೊದಲ ಪರೀಕ್ಷೆಗೆ ಇನ್ನೊಂದು ರೇಡಿಯೊ ಸಾಕು

ಬೆಸುಗೆ ಕಡ್ಡಿ ಕಾಯಿಸುವ ಮೊದಲು ಸರಿಯಾಗಿರುವ ಒಂದು ಮೀಡಿಯಂ ವೇವ್ ರೇಡಿಯೊವನ್ನು ರೋಗಿಯ ಪಕ್ಕ ಇಡಿ. ಅದರಲ್ಲಿ 1000ದಿಂದ 1100ರ ಒಳಗೆ ಯಾವುದಾದರೂ ಸ್ಟೇಷನ್ ಹಿಡಿಯಿರಿ, 1055 ಅಂದುಕೊಳ್ಳೋಣ. ಈಗ ರೋಗಿಯ ಡಯಲನ್ನು 600ರ ಆಸುಪಾಸಿನಲ್ಲಿ ನಿಧಾನವಾಗಿ ಆಡಿಸಿ. ಅದರ ಆಸಿಲೇಟರ್ ಜೀವಂತವಿದ್ದರೆ 600 ಕೂಡಿಸು 455, ಅಂದರೆ 1055ರಲ್ಲಿ ಅದು ಪುಟ್ಟ ಪ್ರಸಾರ ಮಾಡುತ್ತಿರುತ್ತದೆ. ಒಳ್ಳೆಯ ರೇಡಿಯೊದಲ್ಲಿ ಸಿಳ್ಳೆ ಕೇಳುತ್ತದೆ, ಡಯಲ್ ಆಡಿಸಿದಂತೆ ಸಿಳ್ಳೆಯ ಶ್ರುತಿ ಜಾರುತ್ತದೆ. ಆ ಜಾಗದಲ್ಲಿ ಸ್ಟೇಷನ್ ಇಲ್ಲದಿದ್ದರೂ ತೊಂದರೆಯಿಲ್ಲ, ಬುಸ್ ಸದ್ದು ಒಮ್ಮೆಲೇ ತಗ್ಗಿದ್ದು ಗೊತ್ತಾಗುತ್ತದೆ. ಸಿಳ್ಳೆ ಎಲ್ಲೂ ಕೇಳದಿದ್ದರೆ ಆಸಿಲೇಟರ್ ಸತ್ತಿದೆ. ಸಿಳ್ಳೆ 600ರ ಬದಲು 700ರಲ್ಲಿ ಕೇಳಿದರೆ ಆಸಿಲೇಟರ್ ನಡೆಯುತ್ತಿದೆ, ಆದರೆ ಇರಬೇಕಾದ ಆವರ್ತನದಲ್ಲಿಲ್ಲ. ಹೀಗೆ ಒಳ್ಳೆಯ ರೇಡಿಯೊವೇ ಆವರ್ತನ ಅಳೆಯುವ ಮೀಟರ್ ಆಗುತ್ತದೆ.

ಇದರ ತಿರುವು ಇನ್ನೂ ಚೆಂದ. ಎರಡೂ ರೇಡಿಯೊಗಳನ್ನು ಒಂದೇ ಸ್ಟೇಷನ್ನಿಗೆ, ಉದಾಹರಣೆಗೆ 1000ಕ್ಕೆ, ಇಟ್ಟು ಒಳ್ಳೆಯದರ ವಾಲ್ಯೂಮನ್ನು ಪೂರ್ತಿ ಇಳಿಸಿ. ಎರಡನ್ನೂ ಬೆನ್ನಿಗೆ ಬೆನ್ನು ತಾಗಿಸಿ ಒಳ್ಳೆಯದರ ಡಯಲನ್ನು ಕೂದಲೆಳೆಯಷ್ಟು ಆಚೀಚೆ ಮಾಡಿ. ಅದರ ಆಸಿಲೇಟರಿನ 1455 ರೋಗಿಯೊಳಗೆ ಸೋರುತ್ತದೆ. ಮೂಕವಾಗಿದ್ದ ಸೆಟ್ಟಿನಲ್ಲಿ ಸಣ್ಣಗೆ ಮಾತು ಕೇಳಿಸಿತೆಂದರೆ ಮಿಕ್ಸರ್, ಐಎಫ್, ಡಿಟೆಕ್ಟರ್ (ಸಿಗ್ನಲಿನಿಂದ ಧ್ವನಿಯನ್ನು ಬೇರ್ಪಡಿಸುವ ಹಂತ) ಮೂರೂ ಸರಿ ಇವೆ, ಕಾಣೆಯಾಗಿರುವುದು ಆಸಿಲೇಟರ್ ಒಂದೇ ಎಂದು ಅಲ್ಲಿಗೆ ತೀರ್ಮಾನ. ಒಂದು ತಂತಿಯನ್ನೂ ಮುಟ್ಟದೆ ಇಷ್ಟು ಸ್ಪಷ್ಟ ಉತ್ತರ ಕೊಡುವ ಪರೀಕ್ಷೆ ಇನ್ನೊಂದಿಲ್ಲ. ಇದನ್ನು ಬಿಟ್ಟು ನೇರ ಬೋರ್ಡಿಗೆ ಕೈ ಹಾಕುವವರನ್ನು ಕಂಡಾಗ ನನಗೆ ಸಂಕಟವಾಗುತ್ತದೆ.

ಮೀಟರ್ ಹಿಡಿದು

ಸಣ್ಣ ಸೆಟ್ಟುಗಳಲ್ಲಿ ಒಂದೇ ಟ್ರಾನ್ಸಿಸ್ಟರ್ ಆಸಿಲೇಟರೂ ಹೌದು, ಮಿಕ್ಸರೂ ಹೌದು. ಅದರ ಎಮಿಟರ್ ಮತ್ತು ಗ್ರೌಂಡ್ ನಡುವಿನ ವೋಲ್ಟೇಜ್ ಓದಿ. ಆಮೇಲೆ ಡಯಲ್ ಜೊತೆ ತಿರುಗುವ ಗ್ಯಾಂಗ್ ಕಂಡೆನ್ಸರಿನ ಆಸಿಲೇಟರ್ ಭಾಗವನ್ನು ಒಂದು ತುಂಡು ತಂತಿಯಿಂದ ಗ್ರೌಂಡಿಗೆ ಶಾರ್ಟ್ ಮಾಡಿ. ಪ್ಲಾಸ್ಟಿಕ್ ಗ್ಯಾಂಗಿನಲ್ಲಿ ನಡುವಿನ ಕಾಲು ಗ್ರೌಂಡ್. ಅಕ್ಕಪಕ್ಕದ ಎರಡರಲ್ಲಿ ಕೆಂಪು ತಿರುಳಿನ ಕಾಯಿಲ್ ಕಡೆಗೆ ಹೋಗುವುದು ಆಸಿಲೇಟರಿನದು. ಶಾರ್ಟ್ ಮಾಡಿದ ಕ್ಷಣ ಎಮಿಟರ್ ವೋಲ್ಟೇಜ್ ಸ್ವಲ್ಪ ಜಿಗಿದರೆ ಅಲ್ಲಿಯವರೆಗೆ ಆಂದೋಲನ ನಡೆಯುತ್ತಿತ್ತು ಎಂದು ಅರ್ಥ. ಕದಲದಿದ್ದರೆ ಮೊದಲೇ ನಿಂತಿತ್ತು. ಬೇಸ್ ಮತ್ತು ಎಮಿಟರ್ ನಡುವಿನ ವೋಲ್ಟೇಜ್ ಕೂಡ ಇದನ್ನೇ ಹೇಳುತ್ತದೆ. ಸಿಲಿಕಾನ್ ಟ್ರಾನ್ಸಿಸ್ಟರಿನಲ್ಲಿ 0.65 ವೋಲ್ಟಿನಷ್ಟು ಕಾಣಬೇಕಾದ ಕಡೆ 0.5 ಅಥವಾ ಅದಕ್ಕೂ ಕಡಿಮೆ ಕಂಡರೆ ಅದು ದೋಷವಲ್ಲ, ಆಂದೋಲನದ ಗುರುತು.

ಎಮಿಟರ್ ವೋಲ್ಟೇಜನ್ನು ಎಮಿಟರ್ ರೆಸಿಸ್ಟರಿನ ಬೆಲೆಯಿಂದ ಭಾಗಿಸಿ ಕರೆಂಟನ್ನೂ ಲೆಕ್ಕ ಹಾಕಿ. ಈ ಹಂತ ಸಾಮಾನ್ಯವಾಗಿ ಒಂದು ಮಿಲಿಆಂಪಿಯರಿಗಿಂತ ಕಡಿಮೆ ಕರೆಂಟಿನಲ್ಲಿ ಕೆಲಸ ಮಾಡುತ್ತದೆ. ಅದಕ್ಕಿಂತ ಬಹಳ ಹೆಚ್ಚಿದ್ದರೆ ಬೇಸಿನ ವೋಲ್ಟೇಜನ್ನು ನಿಗದಿಪಡಿಸುವ ಬಯಾಸ್ ರೆಸಿಸ್ಟರಿನ ಬೆಲೆ ಕೆಟ್ಟಿದೆ ಎಂದು ಅನುಮಾನಿಸಿ. ಒಳ್ಳೆಯ ಆಂಪ್ಲಿಫೈಯರ್ ಆಗಲಿ ಎಂದು ಇಲ್ಲಿ ಕರೆಂಟ್ ಏರಿಸುವುದರಿಂದ ಲಾಭವಿಲ್ಲ. ಮಿಕ್ಸರಿಗೆ ಬೇಕಿರುವುದು ಬಾಗು, ನೇರ ರೇಖೆಯಲ್ಲ.

ಆಸಿಲೋಸ್ಕೋಪ್ ಇರುವವರಿಗೆ ಒಂದು ಎಚ್ಚರಿಕೆ. ಹತ್ತು ಪಟ್ಟಿನ ಪ್ರೋಬ್ ಕೂಡ ಹನ್ನೆರಡು ಪಿಕೊಫ್ಯಾರಡ್‌ನಷ್ಟು ಕೆಪಾಸಿಟೆನ್ಸನ್ನು ಹೊತ್ತು ತರುತ್ತದೆ. ಆಸಿಲೇಟರ್ ಕಾಯಿಲಿಗೆ 60 ಪಿಕೊಫ್ಯಾರಡ್ ಇರುವ ಜಾಗದಲ್ಲಿ ಅದನ್ನು ಮುಟ್ಟಿಸಿದರೆ 1455 ಇದ್ದದ್ದು ಸುಮಾರು 1330ಕ್ಕೆ ಜಾರುತ್ತದೆ. ದುರ್ಬಲ ಆಸಿಲೇಟರಾದರೆ ನಿಂತೇಹೋಗುತ್ತದೆ. ಆಗ ನೀವು ನೋಡುತ್ತಿರುವುದು ಸೆಟ್ಟಿನ ದೋಷವಲ್ಲ, ನೀವೇ ಮಾಡಿದ ದೋಷ. ಎಮಿಟರಿನಲ್ಲಿ ಅಳೆಯಿರಿ, ಇಲ್ಲವೇ ಪ್ರೋಬಿನ ತುದಿಗೂ ಅದರ ಗ್ರೌಂಡ್ ಕ್ಲಿಪ್ಪಿಗೂ ನಡುವೆ ಎರಡು ಸುತ್ತಿನ ತಂತಿ ಬಳೆ ಸಿಕ್ಕಿಸಿ ಕಾಯಿಲ್ ಹತ್ತಿರ ಹಿಡಿಯಿರಿ.

ಸಿಗ್ನಲ್ ಜನರೇಟರ್ ಇದ್ದರೆ

ಮೊದಲು ಮಾಡ್ಯುಲೇಶನ್ ಇರುವ, ಅಂದರೆ ಕಿವಿಗೆ ಕೇಳುವ ಸ್ವರವನ್ನು ಹೊತ್ತ, 455 ಕಿಲೋಹರ್ಟ್ಸನ್ನು 10 ನ್ಯಾನೊಫ್ಯಾರಡ್ ಕೆಪಾಸಿಟರ್ ಮೂಲಕ ಮಿಕ್ಸರಿನ ಬೇಸಿಗೆ ಕೊಡಿ. ಸ್ಪೀಕರಿನಲ್ಲಿ ಸ್ವರ ಕೇಳಿದರೆ ಮಿಕ್ಸರಿನ ಟ್ರಾನ್ಸಿಸ್ಟರ್ ಬದುಕಿದೆ, ಹೊರದಾರಿ ತೆರೆದಿದೆ. ಮೂರನೆಯ ಪ್ರಶ್ನೆಗೆ ಉತ್ತರ ಸಿಕ್ಕಿತು. ಕೇಳದಿದ್ದರೆ ಕಲೆಕ್ಟರಿಗೆ, ಅಲ್ಲಿಂದ ಮುಂದಿನ ಐಎಫ್ ಹಂತಕ್ಕೆ ಹೋಗಿ. ಆಗ ದೋಷ ಮುಂದೆ ಎಲ್ಲೋ ಇದೆ. ಬೇಸಿನಲ್ಲಿ 455 ಕೇಳಿ, ಡಯಲನ್ನೂ ಜನರೇಟರನ್ನೂ 1000ಕ್ಕೆ ಇಟ್ಟಾಗ ಏನೂ ಕೇಳದಿದ್ದರೆ ಆಸಿಲೇಟರಿನ ಕಡೆಯ ದೋಷ ಖಚಿತ. ಇನ್ನೂ ಅನುಮಾನವಿದ್ದರೆ ಮಾಡ್ಯುಲೇಶನ್ ತೆಗೆದು 1455ನ್ನು ಎಮಿಟರಿಗೆ ಕೊಟ್ಟು ಮಟ್ಟವನ್ನು ನಿಧಾನವಾಗಿ ಏರಿಸಿ. 1000ದಲ್ಲಿರುವ ಸ್ಟೇಷನ್ ಎದ್ದು ಬರಬೇಕು.

ಇಲ್ಲಿ ನಾನು ಎರಡು ದಿನ ಕಳೆದ ಒಂದು ಸೆಟ್ಟಿನ ವಿಷಯ ಹೇಳಲೇಬೇಕು. ಅದರಲ್ಲಿ ಆಸಿಲೇಟರ್ ಪ್ರತ್ಯೇಕ ಟ್ರಾನ್ಸಿಸ್ಟರಿನದು. ಪಕ್ಕದ ರೇಡಿಯೊದಲ್ಲಿ ಸಿಳ್ಳೆ ಗಟ್ಟಿಯಾಗಿ, ಸರಿಯಾದ ಜಾಗದಲ್ಲೇ ಕೇಳಿತು. ಬೇಸಿಗೆ 455 ಕೊಟ್ಟರೆ ಸ್ವರ ಬಂತು. ಎಲ್ಲವೂ ಸರಿ, ಆದರೂ ಸ್ಟೇಷನ್ ಇಲ್ಲ. ಎರಡನೆಯ ದಿನ ಹೊರಗಿನಿಂದ 1455 ಕೊಟ್ಟ ಕೂಡಲೇ ಸ್ಟೇಷನ್ ಎದ್ದು ಕೂತಿತು. ಆಗ ಹೊಳೆಯಿತು: ಆಸಿಲೇಟರ್ ಆಡುತ್ತಿದೆ, ಮಿಕ್ಸರಿಗೆ ತಲುಪುತ್ತಿಲ್ಲ. ಎರಡರ ನಡುವಿನ ಕಪ್ಲಿಂಗ್ ಕೆಪಾಸಿಟರಿನ ಒಂದು ಕಾಲಿನ ಸುತ್ತ ಬೆಸುಗೆಯಲ್ಲಿ ಉಂಗುರದಂಥ ಬಿರುಕು, ಭೂತಗನ್ನಡಿಯಲ್ಲಿ ಮಾತ್ರ ಕಾಣುವಂಥದ್ದು. ಎರಡೂ ಅಲೆಗಳು ಇವೆಯೇ ಎಂದು ಕೇಳಿದ್ದೆ, ಒಂದೇ ಜಾಗಕ್ಕೆ ಬಂದು ಸೇರುತ್ತಿವೆಯೇ ಎಂದು ಕೇಳಿರಲಿಲ್ಲ. ಮೊದಲ ಪ್ರಶ್ನೆಯನ್ನು ಮೇಲೆ ಆ ಮಾತುಗಳಲ್ಲೇ ಬರೆದದ್ದು ಅದಕ್ಕೇ.

ಅರ್ಧ ಡಯಲ್ ಸತ್ತಾಗ

1000ದಿಂದ ಮೇಲೆ ಎಲ್ಲ ಸ್ಟೇಷನ್ ಬರುತ್ತವೆ, ಕೆಳಗೆ ಹೋದಂತೆ ಒಂದು ಜಾಗದಲ್ಲಿ ಕತ್ತರಿಸಿದಂತೆ ಮೌನ. ಇದು ಆಸಿಲೇಟರ್ ದಣಿದಿರುವ ಲಕ್ಷಣ. ಕೆಳತುದಿಯಲ್ಲಿ ಗ್ಯಾಂಗ್ ಪೂರ್ತಿ ಮುಚ್ಚಿ ಕೆಪಾಸಿಟೆನ್ಸ್ ಹೆಚ್ಚಿರುತ್ತದೆ. ಕಾಯಿಲ್ ಅಷ್ಟೇ ಇದ್ದು ಕೆಪಾಸಿಟೆನ್ಸ್ ಹೆಚ್ಚಿದರೆ ಆ ಟ್ಯೂನ್ಡ್ ಸರ್ಕ್ಯೂಟಿನ ಇಂಪೀಡೆನ್ಸ್ ಕುಸಿಯುತ್ತದೆ. ಆಂದೋಲನ ಉಳಿಸಿಕೊಳ್ಳಲು ಟ್ರಾನ್ಸಿಸ್ಟರ್ ಹೆಚ್ಚು ದುಡಿಯಬೇಕಾಗುತ್ತದೆ. ಮೊದಲು ಬ್ಯಾಟರಿ ನೋಡಿ, ಸೆಟ್ ಓಡುತ್ತಿರುವಾಗಲೇ ಅಳೆಯಿರಿ. ಆಮೇಲೆ ಎಮಿಟರ್ ಕಡೆಯ ಕೆಪಾಸಿಟರ್. ಆಮೇಲೆ ಕೆಂಪು ಕಾಯಿಲ್. ತೇವ ಹಿಡಿದ ಕಾಯಿಲಿನಲ್ಲಿ ನಷ್ಟ ಹೆಚ್ಚುತ್ತದೆ. ಬೆಚ್ಚನೆಯ ಗಾಳಿಯಲ್ಲಿ ಒಣಗಿಸಿದ ಮೇಲೆ ಸತ್ತ ಜಾಗ ಕೆಳಕ್ಕೆ ಸರಿದರೆ ಕಾರಣ ತಾನೇ ಗೊತ್ತಾಯಿತು. ಕಾಯಿಲಿನ ತಂತಿ ಕಡಿಯುವುದು ಸಾಮಾನ್ಯವಾಗಿ ಅದು ಕಾಲಿಗೆ ಸುತ್ತಿಕೊಳ್ಳುವ ಜಾಗದಲ್ಲಿ. ಮೀಟರಿನಲ್ಲಿ ಕೆಲವೇ ಓಮ್ ತೋರಿಸಬೇಕು. ಇದೆಲ್ಲ ಸರಿಯಿದ್ದರೆ ಮಾತ್ರ ಟ್ರಾನ್ಸಿಸ್ಟರ್ ಬದಲಿಸಿ.

ಇದರ ಉಲ್ಟಾ ರೋಗವೂ ಇದೆ. ಆಸಿಲೇಟರ್ ಅತಿಯಾಗಿ ಆಡಿ, ತನ್ನ ಬಯಾಸನ್ನು ತಾನೇ ಕೊಂದುಕೊಂಡು, ನಿಂತು, ಮತ್ತೆ ಶುರುವಾಗುತ್ತದೆ. ಸೆಕೆಂಡಿಗೆ ಸಾವಿರಾರು ಸಲ ಹೀಗಾದಾಗ ಡಯಲ್ ಉದ್ದಕ್ಕೂ ಒರಟು ಗೊರಗೊರ ಸದ್ದು ಹರಡಿಕೊಳ್ಳುತ್ತದೆ. ಹಿಂದೆ ಯಾರೋ ರಿಪೇರಿ ಮಾಡುವಾಗ ಕಪ್ಲಿಂಗ್ ಕೆಪಾಸಿಟರನ್ನು ದೊಡ್ಡ ಬೆಲೆಯದು ಹಾಕಿದ್ದಾರೆಯೇ ನೋಡಿ.

ಮಿಕ್ಸರಿನ ಮೇಲೆ ಬರುವ ಸುಳ್ಳು ಆರೋಪಗಳು

ಒಂದೇ ಸ್ಟೇಷನ್ ಎರಡು ಜಾಗದಲ್ಲಿ ಕೇಳುತ್ತಿದೆ ಎಂದರೆ ಎರಡು ಜಾಗಗಳ ಅಂತರ ಲೆಕ್ಕ ಹಾಕಿ. 910 ಬಂದರೆ ಅದು ಪ್ರತಿಬಿಂಬ. ಡಯಲ್ 620ರಲ್ಲಿದ್ದಾಗ ಆಸಿಲೇಟರ್ 1075ರಲ್ಲಿರುತ್ತದೆ. 620ಕ್ಕೂ ಅದಕ್ಕೂ ಅಂತರ 455. 1530ಕ್ಕೂ ಅದಕ್ಕೂ ಅಂತರ 455. ಎರಡರಲ್ಲಿ ಯಾವುದು ಬೇಕೆಂದು ಮಿಕ್ಸರಿಗೆ ತಿಳಿಯದು. ಅದನ್ನು ಮೊದಲೇ ಸೋಸಬೇಕಾದದ್ದು ಆಂಟೆನಾ ಕಾಯಿಲ್. ಫೆರೈಟ್ ಕಡ್ಡಿಯ ಕಾಯಿಲಿನಲ್ಲಿ ಎಳೆ ಕಡಿದಿದೆಯೇ, ಆಂಟೆನಾ ಟ್ರಿಮ್ಮರ್ (ಸಣ್ಣ ಹೊಂದಿಕೆಯ ಕೆಪಾಸಿಟರ್) ತಪ್ಪಿದೆಯೇ ನೋಡಿ, ಮಿಕ್ಸರನ್ನು ಬಿಟ್ಟುಬಿಡಿ. ಎಫ್‌ಎಂನಲ್ಲಿ ಐಎಫ್ 10.7 ಮೆಗಾಹರ್ಟ್ಸ್ ಇರುವುದರಿಂದ ಈ ಅಂತರ 21.4 ಆಗುತ್ತದೆ. 88ರಿಂದ 108ರ ಬ್ಯಾಂಡಿನ ಅಗಲ 20 ಮಾತ್ರ, ಹಾಗಾಗಿ ಬ್ಯಾಂಡಿನ ಒಂದು ಸ್ಟೇಷನ್ ಅದೇ ಬ್ಯಾಂಡಿನ ಇನ್ನೊಂದಕ್ಕೆ ಪ್ರತಿಬಿಂಬವಾಗಿ ಕಾಡುವುದಿಲ್ಲ.

910ರಲ್ಲಿ ಅಥವಾ 1365ರಲ್ಲಿ ಮಾತ್ರ ಸಿಳ್ಳೆ ಕೇಳಿದರೆ ಅದು 455ರ ಎರಡನೆಯ ಮತ್ತು ಮೂರನೆಯ ಹಾರ್ಮೋನಿಕ್. ಡಿಟೆಕ್ಟರಿನಲ್ಲಿ ಹುಟ್ಟಿ ಆಂಟೆನಾಗೆ ಮರಳಿ ಸೋರುತ್ತಿದೆ. ಡಿಟೆಕ್ಟರಿನ ಬೈಪಾಸ್ ಕೆಪಾಸಿಟರ್ ಮತ್ತು ಐಎಫ್ ಡಬ್ಬಿಗಳ ಗ್ರೌಂಡ್ ಬೆಸುಗೆ ನೋಡಿ. ಡಯಲ್ ಎಲ್ಲಿಟ್ಟರೂ ಒಂದೇ ಸದ್ದು ಹಿಂಬಾಲಿಸಿ ಬಂದರೆ 455ರ ಹತ್ತಿರದ್ದೇನೋ ನೇರವಾಗಿ ನುಗ್ಗುತ್ತಿದೆ.

ಬಲವಾದ ಸ್ಟೇಷನ್ನುಗಳ ನಡುವೆ ಇಲ್ಲದ ಸ್ಟೇಷನ್ನುಗಳು ಕೇಳಿದಾಗ ಸಂವಹನ ರಿಸೀವರುಗಳಲ್ಲಿ ಒಂದು ಖಚಿತ ಪರೀಕ್ಷೆ ಇದೆ. ಆಂಟೆನಾ ದಾರಿಯಲ್ಲಿ ಸಿಗ್ನಲನ್ನು ತಗ್ಗಿಸುವ 10 ಡೆಸಿಬೆಲ್ ಅಟೆನ್ಯುಯೇಟರ್ ಹಾಕಿ. ನಿಜವಾದ ಸ್ಟೇಷನ್ ಆದರೂ ಪ್ರತಿಬಿಂಬವಾದರೂ 10 ಡೆಸಿಬೆಲ್ ಇಳಿಯುತ್ತದೆ. ಎರಡು ಬಲಿಷ್ಠ ಸಿಗ್ನಲುಗಳು ಸೇರಿ ಹುಟ್ಟಿಸಿದ ಮೂರನೆಯ ದರ್ಜೆಯ ಕೂಸಾದರೆ 30 ಇಳಿದು ಮಾಯವಾಗುತ್ತದೆ. ಹಾಗಾದಾಗ ಕೆಟ್ಟದ್ದು ಯಾವುದೂ ಇಲ್ಲ, ಮಿಕ್ಸರಿಗೆ ತಾಳಲಾರದಷ್ಟು ಸಿಗ್ನಲ್ ಬರುತ್ತಿದೆ ಅಷ್ಟೇ. ಒಂದು ಅಪವಾದ: ಆಸಿಲೇಟರಿನ ಬಲ ಕುಂದಿದ್ದರೂ ಈ ಲಕ್ಷಣ ಕಾಣುತ್ತದೆ, ಅದಕ್ಕೆ ಮುಂದೆ ಬರುತ್ತೇನೆ.

ಐಸಿ ಮಿಕ್ಸರ್

ಮನೆಯಲ್ಲೇ ಕಟ್ಟಿದ ರಿಸೀವರುಗಳಲ್ಲಿ ಎನ್‌ಇ 602 ಅಥವಾ ಎಸ್‌ಎ 612 ಹೆಚ್ಚು. ಒಳಗಿರುವುದು ಗಿಲ್ಬರ್ಟ್ ಸೆಲ್ ಎಂಬ ಟ್ರಾನ್ಸಿಸ್ಟರುಗಳ ಗುಣಾಕಾರ ಸರ್ಕ್ಯೂಟ್, ಜೊತೆಗೆ ಆಸಿಲೇಟರಿಗೆ ಒಂದು ಟ್ರಾನ್ಸಿಸ್ಟರ್. ಇದು 4.5ರಿಂದ 8 ವೋಲ್ಟಿನವರೆಗೆ ಓಡುವಂಥದ್ದು, 9 ವೋಲ್ಟ್ ಬ್ಯಾಟರಿಗೆ ನೇರ ಕಟ್ಟಬಾರದು. 1 ಮತ್ತು 2ನೆಯ ಕಾಲಿನಲ್ಲಿ ಸುಮಾರು 1.4 ವೋಲ್ಟ್ ಕಾಣಬೇಕು. ಅಲ್ಲಿ ಸೊನ್ನೆ ಕಂಡರೆ ಹೆಚ್ಚಾಗಿ ಐಸಿ ಕೆಟ್ಟಿರುವುದಿಲ್ಲ; ಇನ್‌ಪುಟ್ ಕಾಯಿಲಿನ ಮೂಲಕ ಕಾಲು ಗ್ರೌಂಡಿಗೆ ಇಳಿದಿರುತ್ತದೆ, ನಡುವೆ ಕೆಪಾಸಿಟರ್ ಹಾಕಲು ಮರೆತಿರುತ್ತಾರೆ. 4 ಮತ್ತು 5ರಲ್ಲಿ ಸಪ್ಲೈಗಿಂತ ಒಂದು ವೋಲ್ಟಿನಷ್ಟು ಕಡಿಮೆ, ಎರಡರಲ್ಲೂ ಸರಿಸಮ. 6ರಲ್ಲಿ ಸಪ್ಲೈ ಹತ್ತಿರ, 7ರಲ್ಲಿ ಅದಕ್ಕಿಂತ ಸುಮಾರು 0.7 ಕೆಳಗೆ. ಹೊರಗಿನ ಆಸಿಲೇಟರನ್ನು 6ಕ್ಕೆ ಕೊಡುವುದಾದರೆ ತುದಿಯಿಂದ ತುದಿಗೆ 200ರಿಂದ 300 ಮಿಲಿವೋಲ್ಟ್ ಸಾಕು. ವೋಲ್ಟುಗಟ್ಟಲೆ ಸುರಿದರೆ ಚುರುಕಾಗುವುದಿಲ್ಲ, ಕೊಳಕಾಗುತ್ತದೆ.

ಡಯೋಡ್ ಉಂಗುರ

ನಾಲ್ಕು ಡಯೋಡ್, ಎರಡು ಟ್ರಾನ್ಸ್‌ಫಾರ್ಮರ್. ಇದರ ಬಗ್ಗೆ ನನಗೆ ವಿಶೇಷ ಪ್ರೀತಿ, ಏಕೆಂದರೆ ಇದರಲ್ಲಿ ಏನೂ ಮುಚ್ಚುಮರೆಯಿಲ್ಲ. ಆದರ್ಶ ಸ್ವಿಚ್ಚಿನ ಲೆಕ್ಕದಲ್ಲೂ 3.9 ಡೆಸಿಬೆಲ್ ನಷ್ಟ ಇದ್ದೇ ಇದೆ. ಅರ್ಧಕ್ಕಿಂತ ಸ್ವಲ್ಪ ಕಡಿಮೆ ಶಕ್ತಿ ಮೊತ್ತದ ಕಡೆ ಹೋಗುತ್ತದೆ, ಇನ್ನೊಂದಿಷ್ಟು ಹಾರ್ಮೋನಿಕ್ಕುಗಳ ಪಾಲು. ನಿಜವಾದ ಮಿಕ್ಸರಿನಲ್ಲಿ 6ರಿಂದ 7 ಸಹಜ. 12 ಕಂಡರೆ ಹುಡುಕಲು ಶುರು ಮಾಡಿ.

ಮೊದಲು ಆಸಿಲೇಟರಿನ ಬಲ. ಸಾಮಾನ್ಯ ಮಾದರಿಗೆ 5 ಮಿಲಿವ್ಯಾಟ್ ಬೇಕು, ಅಂದರೆ 50 ಓಮಿನಲ್ಲಿ ತುದಿಯಿಂದ ತುದಿಗೆ 1.4 ವೋಲ್ಟ್. ಇದನ್ನು ಮಿಕ್ಸರ್ ಸೇರಿಸಿಕೊಂಡೇ ಅಳೆಯಬೇಡಿ, ಡಯೋಡುಗಳು ಅಲೆಯ ತಲೆಯನ್ನು ಕತ್ತರಿಸಿರುತ್ತವೆ. ಮಿಕ್ಸರ್ ಬಿಚ್ಚಿ ಆ ಜಾಗಕ್ಕೆ 50 ಓಮ್ ರೆಸಿಸ್ಟರ್ ಹಾಕಿ ಅಳೆಯಿರಿ. ಬಲ ಸಾಲದಿದ್ದರೆ ಡಯೋಡುಗಳು ಅರೆಬರೆ ತೆರೆದು ನಷ್ಟ ಹೆಚ್ಚುತ್ತದೆ, ಬಲವಾದ ಸಿಗ್ನಲ್ ಬಂದಾಗ ಅದೇ ಸ್ವಿಚ್ಚನ್ನು ಆಡಿಸತೊಡಗಿ ಸುಳ್ಳು ಸ್ಟೇಷನ್ನುಗಳು ಹುಟ್ಟುತ್ತವೆ. ಮೇಲೆ ಹೇಳಿದ ಅಪವಾದ ಇದೇ.

ಆಮೇಲೆ ಸಮತೋಲ. ಆರ್‌ಎಫ್ ಬಾಯಿಗೆ (ಸ್ಟೇಷನ್ನಿನ ಸಿಗ್ನಲ್ ಒಳಬರುವ ಕಡೆಗೆ) 50 ಓಮ್ ಕಟ್ಟಿ ಅಲ್ಲಿ ಆಸಿಲೇಟರ್ ಎಷ್ಟು ಸೋರುತ್ತಿದೆ ನೋಡಿ. ಶಾರ್ಟ್ ವೇವ್ ಆವರ್ತನಗಳಲ್ಲಿ 30 ಡೆಸಿಬೆಲ್ಲಿಗಿಂತ ಹೆಚ್ಚು ಕೆಳಗಿರಬೇಕು. ಹತ್ತೇ ಇದ್ದರೆ ಒಂದು ಡಯೋಡ್ ಹೋಗಿದೆ. ಟ್ರಾನ್ಸ್‌ಮಿಟರಿನ ಶಕ್ತಿ ತಪ್ಪಿ ಈ ಬಾಯಿಗೆ ನುಗ್ಗಿದ ಟ್ರಾನ್ಸೀವರುಗಳಲ್ಲಿ ಇದು ಮಾಮೂಲು. ಒಂದನ್ನೇ ಬದಲಿಸಬೇಡಿ, ಒಂದೇ ಕಂತಿನ ಹಲವು ಡಯೋಡುಗಳನ್ನು ಮೀಟರಿನಲ್ಲಿ ಅಳೆದು, ವೋಲ್ಟೇಜ್ ಹೊಂದುವ ನಾಲ್ಕನ್ನು ಆರಿಸಿ ಹಾಕಿ. ಅಳೆಯುವಾಗ ಬೆರಳ ಬಿಸಿ ತಾಗದಿರಲಿ, ಒಂದು ಡಿಗ್ರಿಗೆ ಎರಡು ಮಿಲಿವೋಲ್ಟ್ ಜಾರುತ್ತದೆ.

ಮೇಜಿನ ಮೇಲೆ ಸರಿಯಾಗಿದ್ದ ಮಿಕ್ಸರ್ ಸೆಟ್ಟಿನೊಳಗೆ ಹೋದ ಕೂಡಲೇ ಕೆಟ್ಟಂತೆ ನಡೆದುಕೊಂಡರೆ ಅದರ ಐಎಫ್ ಬಾಯಿ ನೋಡಿ. ಅಲ್ಲಿ ನೇರವಾಗಿ ಕ್ರಿಸ್ಟಲ್ ಫಿಲ್ಟರ್ ಕಟ್ಟಿದ್ದರೆ ಫಿಲ್ಟರ್ ತನಗೆ ಬೇಡದ ಮೊತ್ತದ ಆವರ್ತನವನ್ನು ವಾಪಸ್ ಎಸೆಯುತ್ತದೆ, ಅದು ಮಿಕ್ಸರೊಳಗೆ ಮತ್ತೆ ಬೆರೆಯುತ್ತದೆ. ನಡುವೆ ತಾತ್ಕಾಲಿಕವಾಗಿ 6 ಡೆಸಿಬೆಲ್ ಅಟೆನ್ಯುಯೇಟರ್ ಹಾಕಿ ನೋಡಿ. ತೊಂದರೆ ಹೋದರೆ ಶಾಶ್ವತವಾಗಿ ಅಲ್ಲೊಂದು ಡಿಪ್ಲೆಕ್ಸರ್ (ಬೇಡದ ಆವರ್ತನವನ್ನು ವಾಪಸ್ ಎಸೆಯದೆ ರೆಸಿಸ್ಟರಿಗೆ ಇಳಿಸುವ ಸರ್ಕ್ಯೂಟ್) ಕಟ್ಟಿ.

ರಿಪೇರಿ ಆದ ಮೇಲೆ

ಆಸಿಲೇಟರ್ ಭಾಗದಲ್ಲಿ ಏನನ್ನೇ ಬದಲಿಸಿದರೂ ಡಯಲ್ ಸ್ವಲ್ಪ ಸರಿದಿರುತ್ತದೆ. 600ರ ಹತ್ತಿರ ಕೆಂಪು ಕಾಯಿಲಿನ ತಿರುಳು ತಿರುಗಿಸಿ ಸ್ಟೇಷನ್ನನ್ನು ಅದರ ಅಂಕಿಗೆ ತನ್ನಿ, 1400ರ ಹತ್ತಿರ ಟ್ರಿಮ್ಮರ್ ತಿರುಗಿಸಿ. ಒಂದನ್ನು ಸರಿಪಡಿಸಿದಾಗ ಇನ್ನೊಂದು ಕದಲುತ್ತದೆ, ಹಾಗಾಗಿ ಎರಡು ಮೂರು ಸುತ್ತು ಬೇಕು. ಆಮೇಲೆ ಇದೇ ಎರಡು ಜಾಗಗಳಲ್ಲಿ ಆಂಟೆನಾ ಕಡೆಯನ್ನು ಗರಿಷ್ಠ ಸದ್ದಿಗೆ ಹೊಂದಿಸಿ: ಕೆಳಗೆ ಫೆರೈಟ್ ಕಡ್ಡಿಯ ಮೇಲೆ ಕಾಯಿಲನ್ನು ಜಾರಿಸಿ, ಮೇಲೆ ಟ್ರಿಮ್ಮರಿನಿಂದ. ಹಳದಿ, ಬಿಳಿ, ಕಪ್ಪು ತಿರುಳುಗಳು ಐಎಫ್‌ನವು. ಅವು ಮೊದಲು ಸರಿಯಿದ್ದರೆ ಮುಟ್ಟಬೇಡಿ. ತಿರುಳು ತಿರುಗಿಸಲು ಪ್ಲಾಸ್ಟಿಕ್ ಕಡ್ಡಿಯನ್ನೇ ಬಳಸಿ, ಕಬ್ಬಿಣದ ಸ್ಕ್ರೂಡ್ರೈವರ್ ತೆಗೆದ ಮರುಕ್ಷಣ ಆವರ್ತನ ಬದಲಾಗುತ್ತದೆ. ಕೊನೆಗೆ ಕಾಯಿಲಿನ ಮೇಲೆ ಒಂದು ಹನಿ ಮೇಣ ಬಿಟ್ಟು, ಬ್ಯಾಟರಿ ಇಳಿದಾಗಲೂ ಕೆಳತುದಿ ಉಳಿಯುತ್ತದೆಯೇ ಎಂದು ಸಪ್ಲೈಯನ್ನು ಮೂರನೇ ಒಂದು ಪಾಲು ತಗ್ಗಿಸಿ ಒಮ್ಮೆ ಕೇಳಿ ನೋಡಿ.